ಅತಿಥಿಗೆ ಒಗ್ಗುವ ಸಿಹಿ: ಜೀರ್ಣಕ್ರಿಯೆಯ ಪಾಠಕ್ಕೊಂದು ಅಡುಗೆಮನೆಯ ಚಟುವಟಿಕೆ

ತರಗತಿ: 7. ವಿಷಯ: ವಿಜ್ಞಾನ. ಅವಧಿ: 40 ನಿಮಿಷಗಳ ಎರಡು ತರಗತಿಗಳು.

ಪಾಠದ ಅಗತ್ಯ

ಜೀರ್ಣಾಂಗಗಳ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸುವ ಮಕ್ಕಳಿಗೂ ಎಲ್ಲ ಆಹಾರ ಎಲ್ಲರಿಗೂ ಒಗ್ಗುವುದಿಲ್ಲ ಎಂಬುದು ಹೊಸ ವಿಷಯ. ನಮ್ಮ ಭಾಗದಲ್ಲಿ ಉಪಚಾರವೆಂದರೆ ಒತ್ತಾಯ ಮಾಡಿ ಬಡಿಸುವುದು. ಬೇಡ ಎಂದವರಿಗೆ, "ಒಂದ್ ತಿಂದ್ರ ಏನೂ ಆಗಂಗಿಲ್ರೀ, ಹಾಕಿಸ್ಕೊಳ್ರಿ" ಎನ್ನುತ್ತೇವೆ. ಕೆಲವರ ಪಾಲಿಗೆ ಆ ಒಂದು ಹೋಳಿಗೆಯೇ ಪ್ರಾಣಾಪಾಯ ತರಬಹುದು.

ಈ ಮಾತು ಶಾಲೆಗೂ ಸೇರಿದ್ದು. 2013ರಲ್ಲಿ ಆರಂಭವಾದ ಕ್ಷೀರಭಾಗ್ಯದಲ್ಲಿ ಮಕ್ಕಳಿಗೆ 150 ಮಿ.ಲೀ. ಹಾಲು ಕೊಡುವ ವ್ಯವಸ್ಥೆ ಬಂತು. 2021ರಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಿಗೆ ಮೊಟ್ಟೆ ಬಂದಾಗ, ಅದನ್ನು ತಿನ್ನದವರಿಗೆ ಬಾಳೆಹಣ್ಣು ಎಂದಾಯಿತು. ಬಹುಪಾಲು ಮಕ್ಕಳಿಗೆ ಇವು ಒಳ್ಳೆಯ ಪೋಷಣೆ. ಆದರೆ ಹಾಲು ಕುಡಿದಾಗಲೆಲ್ಲ ಹೊಟ್ಟೆ ಹಿಡಿದುಕೊಂಡು ಕೂರುವ ಮಗು ನೆಪ ಹೇಳುತ್ತಿಲ್ಲ ಎಂದು ಗುರುತಿಸುವ ಕೆಲಸ ಶಿಕ್ಷಕರದು.

ಕಲಿಕಾ ಫಲಗಳು

1. ಆಹಾರ ಅರಗದಿರುವುದು, ಅಲರ್ಜಿ ಮತ್ತು ಸೀಲಿಯಾಕ್ ಕಾಯಿಲೆ ಇವುಗಳ ವ್ಯತ್ಯಾಸ ಹೇಳುವರು.
2. ಸಿಹಿಯಲ್ಲಿ ಪ್ರತಿ ಸಾಮಗ್ರಿ ಮಾಡುವ ಕೆಲಸ ಗುರುತಿಸಿ, ಬದಲಿ ಸೂಚಿಸುವರು.
3. ಬಡಿಸುವ ಮೊದಲು ಕೇಳುವ ರೂಢಿ ಬೆಳೆಸಿಕೊಳ್ಳುವರು.

ಪೂರ್ವಸಿದ್ಧತೆ

ತರಗತಿಯ ಯಾವ ಮಗುವಿಗೆ ಏನು ಒಗ್ಗುವುದಿಲ್ಲ ಎಂದು ಪಾಲಕರಿಂದ ಮೊದಲೇ ತಿಳಿದುಕೊಳ್ಳಿ. ಎಲ್ಲರೆದುರು ಕೇಳಬೇಡಿ. ಶೇಂಗಾವನ್ನು ತರಗತಿಗೆ ತರಬೇಡಿ, ಚಿತ್ರ ಸಾಕು. ಸಿಹಿಯನ್ನು ಮೊದಲ ದಿನ ಮಾಡಿ, ಗೋಧಿ ಹಿಟ್ಟಿನ ಪ್ರಯೋಗವನ್ನು ಎರಡನೆಯ ದಿನಕ್ಕೆ ಇಡಿ. ಹಿಟ್ಟಿನ ಧೂಳು ಸಿಹಿಗೆ ಬೀಳಬಾರದು.

ಹಂತ 1: ಸಮಸ್ಯೆ

ಕಪ್ಪುಹಲಗೆಯ ಮೇಲೆ ಬರೆಯಿರಿ: "ಹಂಪಿ ನೋಡಲು ಬಂದ ನೆಂಟರು ಟಿ.ಬಿ. ಡ್ಯಾಂನ ನಮ್ಮ ಮನೆಗೆ ಊಟಕ್ಕೆ ಬರುತ್ತಾರೆ. ಅವರಿಗೆ ಹಾಲು ಅರಗುವುದಿಲ್ಲ. ಸೀಲಿಯಾಕ್ ಕಾಯಿಲೆ ಇದೆ. ಶೇಂಗಾ ಅಲರ್ಜಿ. ಯಾವ ಸಿಹಿ ಮಾಡೋಣ?"

ಮಕ್ಕಳು ಹೇಳುವ ಸಿಹಿಗಳನ್ನೆಲ್ಲ ಬರೆದು ಒಂದೊಂದಾಗಿ ಪರೀಕ್ಷಿಸಿ. ಗೋಧಿ ಹುಗ್ಗಿ, ಮಾದಲಿ, ಸಜ್ಜಕ ಗೋಧಿಯವು. ಹೋಳಿಗೆಯ ಕಣಕ ಮೈದಾದ್ದು. ಶೇಂಗಾ ಹೋಳಿಗೆಯಲ್ಲಿ ಎರಡು ತೊಂದರೆ. ಶಾವಿಗೆ ಪಾಯಸದಲ್ಲಿ ಗೋಧಿಯೂ ಇದೆ, ಹಾಲೂ ಇದೆ. ಪಟ್ಟಿ ಬರಿದಾಗುತ್ತ ಬಂದಂತೆ ಮಕ್ಕಳು, "ಹಂಗಾದ್ರ ಅವರಿಗೆ ಸಿಹಿನೇ ಬ್ಯಾಡ ಬಿಡ್ರಿ ಮೇಡಂ" ಎನ್ನಬಹುದು. ಉತ್ತರ ಹೇಳಿಬಿಡದೆ ಮುಂದಿನ ಹಂತಕ್ಕೆ ನಡೆಯಿರಿ.

ಹಂತ 2: ವಿವರಣೆ

ಹಾಲಿನ ಸಕ್ಕರೆ ಲ್ಯಾಕ್ಟೋಸ್. ಸಣ್ಣ ಕರುಳಿನ ಲ್ಯಾಕ್ಟೇಸ್ ಎಂಬ ಕಿಣ್ವ ಅದನ್ನು ಒಡೆಯುತ್ತದೆ. ಕಿಣ್ವ ಕಡಿಮೆಯಾದರೆ ಲ್ಯಾಕ್ಟೋಸ್ ಹಾಗೆಯೇ ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸುವುದರಿಂದ ಹೊಟ್ಟೆಯುಬ್ಬರ, ನೋವು, ಭೇದಿ ಆಗುತ್ತವೆ. ಪ್ರಪಂಚದ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಈ ಕಿಣ್ವ ಬಾಲ್ಯದ ನಂತರ ಕುಗ್ಗುತ್ತದೆ. ಮೊಸರಾಗುವಾಗ ಸ್ವಲ್ಪ ಲ್ಯಾಕ್ಟೋಸ್ ಆಮ್ಲವಾಗುವುದರಿಂದ ಇಂಥ ಕೆಲವರಿಗೆ ಮಜ್ಜಿಗೆ ಒಗ್ಗುತ್ತದೆ.

ಶೇಂಗಾ ಅಲರ್ಜಿ ಬೇರೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ಶೇಂಗಾದ ಪ್ರೋಟೀನನ್ನು ಶತ್ರುವೆಂದು ತಿಳಿಯುತ್ತದೆ. ಚಿಟಿಕೆ ಪುಡಿಯೂ ದದ್ದು, ಬಾವು, ಉಸಿರುಗಟ್ಟುವಿಕೆ ತರಬಹುದು. ಉಸಿರಾಟಕ್ಕೆ ತೊಂದರೆಯಾದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಸೀಲಿಯಾಕ್ ಕಾಯಿಲೆಯಲ್ಲಿ ಗೋಧಿ, ಬಾರ್ಲಿಗಳ ಗ್ಲುಟೆನ್ ಹೊಟ್ಟೆಗೆ ಹೋದಾಗ ರೋಗನಿರೋಧಕ ವ್ಯವಸ್ಥೆ ಸಣ್ಣ ಕರುಳಿನ ವಿಲ್ಲೈಗಳನ್ನೇ ಹಾಳುಮಾಡುತ್ತದೆ. ವಿಲ್ಲೈಗಳು ಚಪ್ಪಟೆಯಾದರೆ ಪೋಷಕಾಂಶಗಳ ಹೀರಿಕೆ ತಗ್ಗುತ್ತದೆ. ಉಂಡ ಮಗುವೂ ಬೆಳೆಯದೆ ಉಳಿಯುತ್ತದೆ. ಪಠ್ಯದ ವಿಲ್ಲೈಗಳ ಚಿತ್ರವನ್ನು ಇಲ್ಲಿ ತೋರಿಸಿ.

ಹಂತ 3: ಸಿಹಿ

'ಏನು ತೆಗೆಯಬೇಕು' ಎಂದು ನಿಲ್ಲದೆ, 'ಅದು ಯಾವ ಕೆಲಸ ಮಾಡುತ್ತಿತ್ತು, ಆ ಕೆಲಸವನ್ನು ಇನ್ನಾವುದು ಮಾಡೀತು' ಎಂದು ಕೇಳಿ. ಗೋಧಿ ಹುಗ್ಗಿಯನ್ನು ಗಟ್ಟಿ ಮಾಡುವುದು ಪಿಷ್ಟ. ಅಕ್ಕಿ, ನವಣೆಯಲ್ಲೂ ಪಿಷ್ಟವಿದೆ. ಹಾಲು ಕೊಡುವ ಜಿಡ್ಡು ಮತ್ತು ನುಣುಪನ್ನು ತೆಂಗಿನಕಾಯಿ ಹಾಲು ಕೊಡುತ್ತದೆ. ಕಾಲುವೆ ನೀರಿನ ಹೊಸಪೇಟೆ, ಕಂಪ್ಲಿಯಲ್ಲಿ ಭತ್ತ, ಕಬ್ಬು ಬೆಳೆಯುತ್ತವೆ. ಸಂಡೂರಿನ ಕಡೆ ನವಣೆ ಪರಿಚಿತ. ಪೇಟೆಯ ದುಬಾರಿ ಪೊಟ್ಟಣ ಹುಡುಕಬೇಕಾಗಿಲ್ಲ.

ನವಣೆ ಹುಗ್ಗಿ: 1 ಲೋಟ ನವಣಕ್ಕಿಯನ್ನು ಆರಿಸಿ, ತೊಳೆದು, ಅರ್ಧ ಗಂಟೆ ನೆನೆಸಿ. 4 ಲೋಟ ನೀರಿನಲ್ಲಿ ಮೆತ್ತಗೆ ಬೇಯಿಸಿ. 1 ಲೋಟ ಬೆಲ್ಲ ಕರಗಿಸಿ, ಸೋಸಿ ಸೇರಿಸಿ ಕುದಿಸಿ. ಉರಿ ತಗ್ಗಿಸಿ ಒಂದೂವರೆ ಲೋಟ ಕಾಯಿಹಾಲು ಹಾಕಿ, ಬಿಸಿಯಾದೊಡನೆ ಇಳಿಸಿ. ಜೋರಾಗಿ ಕುದಿದರೆ ಕಾಯಿಹಾಲು ಒಡೆಯುತ್ತದೆ. ಕೊನೆಗೆ ಏಲಕ್ಕಿ, ಕೊಬ್ಬರಿ ಎಣ್ಣೆಯಲ್ಲಿ ಹುರಿದ ಕಾಯಿಚೂರು.

ಹಿಟ್ಟಿನ ಬದಲು ಇಡೀ ಕಾಳನ್ನೇ ಆರಿಸಿದ್ದಕ್ಕೆ ಕಾರಣವಿದೆ. ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ಅಕ್ಕಿಯನ್ನೂ ಬೀಸುತ್ತಾರೆ. ಕಣ್ಣಿಗೆ ಕಾಣದಷ್ಟು ಗೋಧಿ ಹಿಟ್ಟು ಬೆರೆತರೂ ಸೀಲಿಯಾಕ್ ಇರುವವರಿಗೆ ಹಾನಿ. ಹಿಟ್ಟೇ ಬೇಕಾದರೆ ತೊಳೆದು ಒಣಗಿಸಿದ ಅಕ್ಕಿಯನ್ನು ಮನೆಯ ಶುಚಿಯಾದ ಮಿಕ್ಸಿಯಲ್ಲಿ ಬೀಸಬೇಕು. ಸೌಟು, ಪಾತ್ರೆ, ಎಣ್ಣೆಗೂ ಇದೇ ಎಚ್ಚರ.

ಹಂತ 4: ಪ್ರಯೋಗ

ಗೋಧಿ ಹಿಟ್ಟಿನ ಗಟ್ಟಿ ಉಂಡೆಯನ್ನು ಅರ್ಧ ಗಂಟೆ ಇಟ್ಟು, ನೀರಿನ ಬೋಗುಣಿಯಲ್ಲಿ ಹಿಸುಕುತ್ತ ತೊಳೆಯಲಿ. ಕೈಯಲ್ಲಿ ರಬ್ಬರಿನಂಥ ಮುದ್ದೆ ಉಳಿಯುತ್ತದೆ, ಅದೇ ಗ್ಲುಟೆನ್. ಬೋಗುಣಿಯ ನೀರಿಗೆ ಅಯೋಡಿನ್ ಹನಿಸಿದರೆ ಕಡುನೀಲಿ ಬಣ್ಣ ಬಂದು ಪಿಷ್ಟ ಗೊತ್ತಾಗುತ್ತದೆ. ಅಕ್ಕಿ ಹಿಟ್ಟಿನ ಉಂಡೆಯಾದರೆ ನೀರಿನಲ್ಲೇ ಕದಡಿಹೋಗುತ್ತದೆ. ಕಣಕ ಎಳೆದಷ್ಟೂ ಹಿಗ್ಗುವುದೇಕೆ, ಕಡುಬಿಗೆ ಅಕ್ಕಿ ಹಿಟ್ಟನ್ನು ಉಕ್ಕರಿಸಿಕೊಳ್ಳುವುದೇಕೆ ಎಂಬುದು ಇಲ್ಲಿ ತಿಳಿಯುತ್ತದೆ: ಗ್ಲುಟೆನ್ ಇಲ್ಲದ ಕಡೆ ಬೆಂದ ಪಿಷ್ಟವೇ ಅಂಟಾಗಬೇಕು.

ಮೌಲ್ಯಮಾಪನ

1. ಬಿಸ್ಕತ್ತಿನ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆ. ನಮ್ಮ ಅತಿಥಿಗೆ ಕೊಡಬಹುದೇ? (ಹಸಿರು ಚುಕ್ಕೆ ಸಸ್ಯಾಹಾರವೆಂದಷ್ಟೇ ಹೇಳುತ್ತದೆ. ಹಾಲು, ಗೋಧಿ, ಶೇಂಗಾ ಇವೆಯೇ ಎಂದು ಅಲರ್ಜಿ ಸೂಚನೆಯನ್ನೂ ಸಾಮಗ್ರಿ ಪಟ್ಟಿಯನ್ನೂ ಓದಬೇಕು.)
2. ಪಾಯಸದ ಮೇಲಿನ ಶೇಂಗಾ ಆರಿಸಿ ತೆಗೆದು ಬಡಿಸಿದರೆ ಸಾಕೇ? (ಸಾಲದು, ಪ್ರೋಟೀನು ಪಾಯಸದಲ್ಲಿ ಬೆರೆತಿರುತ್ತದೆ.)
3. ಹಾಲು ಅರಗದವರಿಗೂ ಹಾಲಿನ ಅಲರ್ಜಿ ಇರುವವರಿಗೂ ತುಪ್ಪದ ವಿಷಯದಲ್ಲಿ ಏನು ವ್ಯತ್ಯಾಸ? (ತುಪ್ಪದಲ್ಲಿ ಲ್ಯಾಕ್ಟೋಸ್ ತೀರಾ ಕಡಿಮೆ, ಆದರೆ ಹಾಲಿನ ಪ್ರೋಟೀನಿನ ಅಂಶ ಉಳಿದಿರಬಹುದಾದ್ದರಿಂದ ಅಲರ್ಜಿಯವರಿಗೆ ಬೇಡ.)

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆ

ಪಾಠ ಮುಗಿದ ಮೇಲೆ ಯಾರಾದರೂ ಒಂದು ಮಗು ಮೆಲ್ಲಗೆ ಬಂದು, ತನಗೂ ಹಾಲು ಕುಡಿದರೆ ಹೊಟ್ಟೆನೋವು ಎನ್ನಬಹುದು. ನೀವೇ ರೋಗದ ಹೆಸರು ಹೇಳಬೇಡಿ, ಹಾಲು ಬಿಡು ಎಂದೂ ಹೇಳಬೇಡಿ. ಮುಖ್ಯ ಶಿಕ್ಷಕರಿಗೂ ಪಾಲಕರಿಗೂ ತಿಳಿಸಿ, ವೈದ್ಯರಲ್ಲಿಗೆ ಕಳಿಸಿ. ಮಕ್ಕಳಿಗೆ ಮನೆಗೆಲಸ ಇಷ್ಟೇ: ಮುಂದಿನ ಸಲ ಮನೆಗೆ ಯಾರೇ ಊಟಕ್ಕೆ ಬಂದರೂ ಎಲೆ ಹಾಕುವ ಮೊದಲು, "ನಿಮಗ ಒಗ್ಗದೇ ಇರೋದು ಏನರ ಐತೇನ್ರೀ?" ಎಂದು ಕೇಳಿ, ಬಂದ ಉತ್ತರವನ್ನು ಅಡುಗೆ ಮಾಡುವವರಿಗೆ ಮುಟ್ಟಿಸುವುದು.