ಫೋನ್ ಕಸಿದುಕೊಳ್ಳಲೇ, ಪಕ್ಕದಲ್ಲಿ ಕೂರಲೇ?

ಪ್ರಶ್ನೆ: ಏಳನೇ ಕ್ಲಾಸಿನ ಮಗನಿಗೆ ‘ನಮ್ಮ ಬಡಾವಣೆಯ ಇತಿಹಾಸ’ ಅಂತ ಪ್ರಾಜೆಕ್ಟ್ ಕೊಟ್ಟಿದ್ದರು. ಚಾಟ್‌ಜಿಪಿಟಿಯನ್ನು ಕೇಳಿ, ಕೂತಲ್ಲೇ ಎರಡು ಪುಟ ಇಳಿಸಿಬಿಟ್ಟ. ಬರೆದದ್ದರ ಅರ್ಥ ಕೇಳಿದರೆ ಗೊತ್ತಿಲ್ಲ. ಫೋನ್ ಕೊಡುವುದನ್ನೇ ನಿಲ್ಲಿಸಲೇ?
– ಒಬ್ಬ ತಾಯಿ, ಮಲ್ಲೇಶ್ವರ

ಉತ್ತರ: ಬೇಡಮ್ಮ. ಆ ಎರಡು ಪುಟವನ್ನೇ ಮುಂದಿಟ್ಟುಕೊಂಡು, ‘ಇದು ನಿಜ ಅಂತ ಹೇಗೆ ಗೊತ್ತು ಪುಟ್ಟಾ?’ ಎಂದು ಕೇಳಿ. ಎಐ ಸರಿಯಾದದ್ದನ್ನು ಎಷ್ಟು ನಯವಾಗಿ ಹೇಳುತ್ತದೋ ತಪ್ಪನ್ನೂ ಅಷ್ಟೇ ನಯವಾಗಿ ಹೇಳುತ್ತದೆ. ಓದಿದ ಮಾತ್ರಕ್ಕೆ ದೊಡ್ಡವರಿಗೇ ವ್ಯತ್ಯಾಸ ತಿಳಿಯುವುದಿಲ್ಲ.

ತಾಳೆ ನೋಡಲು ನೀವು ದೂರ ಹೋಗಬೇಕಿಲ್ಲ. ಕಾಡು ಮಲ್ಲೇಶ್ವರ ದೇವಸ್ಥಾನಕ್ಕೆ ಮರಾಠ ದೊರೆ ಏಕೋಜಿ 1669ರಲ್ಲಿ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟ ಶಾಸನವಿದೆ. ಆಗ ನಿಮ್ಮ ಬಡಾವಣೆಯ ಜಾಗ ಮಲ್ಲಾಪುರ ಎಂಬ ಹಳ್ಳಿ. ಮಗನ ಪುಟದಲ್ಲಿ ಈ ಇಸವಿ, ಈ ಹೆಸರು ಇವೆಯೇ? ಬಿ.ಎಲ್. ರೈಸ್ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 9ನೇ ಸಂಪುಟ ಬೆಂಗಳೂರು ಜಿಲ್ಲೆಯ ಶಾಸನಗಳದ್ದು. ಅದರ ಸ್ಕ್ಯಾನ್ ಪ್ರತಿ ಇಂಟರ್‌ನೆಟ್‌ನಲ್ಲೇ ಪುಕ್ಕಟೆ ಸಿಗುತ್ತದೆ. ಒಂದು ಭಾನುವಾರ ಇಬ್ಬರೂ ಹುಡುಕಿ ನೋಡಿ, ದೇವಸ್ಥಾನಕ್ಕೂ ಹೋಗಿಬನ್ನಿ. ಆಮೇಲೆ ಅವನೇ ಬರೆಯಲಿ, ಯಾವ ವಿಷಯ ಎಲ್ಲಿ ಸಿಕ್ಕಿತು ಎಂಬುದನ್ನೂ ಕೆಳಗೆ ಬರೆಯಲಿ. ಅರ್ಧ ಪುಟವಾದರೂ ಸಾಕು.

ಪ್ರಶ್ನೆ: ಮೊಮ್ಮಗಳಿಗೆ 12 ವರ್ಷ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಫೋನಿನ ಆಟದಲ್ಲಿ ಪರಿಚಯವಾದ ಯಾರೋ ಅವಳ ಸ್ಕೂಲಿನ ಹೆಸರು ಕೇಳಿ, ಈಗ ಫೋಟೋ ಕಳಿಸು ಎನ್ನುತ್ತಿದ್ದಾನೆ. ‘ತಾತ, ಅಪ್ಪನಿಗೆ ಹೇಳಬೇಡ, ಫೋನ್ ಕಿತ್ತುಕೊಳ್ತಾರೆ’ ಅಂತ ಅಳುತ್ತಾಳೆ.
– ಒಬ್ಬ ತಾತ, ಚಾಮರಾಜಪೇಟೆ

ಉತ್ತರ: ಅವಳು ನಿಮ್ಮ ಹತ್ತಿರ ಬಾಯಿಬಿಟ್ಟಳಲ್ಲ, ಅದು ಬಹಳ ದೊಡ್ಡದು. ‘ತಪ್ಪು ನಿನ್ನದಲ್ಲ ಮಗಳೇ’ ಎಂದು ಮೊದಲು ಹೇಳಿ. ಆದರೆ ಗುಟ್ಟಾಗಿಡುತ್ತೇನೆಂದು ಮಾತು ಕೊಡಬೇಡಿ. ಫೋಟೋ ಕೇಳುತ್ತಿರುವವನಿಗೆ ಬೇಕಿರುವುದೂ ಆ ಗುಟ್ಟೇ. ಮಗ ಮನೆಗೆ ಬಂದಾಗ ನೀವೇ ಅವಳ ಪಕ್ಕ ಕೂತು ವಿಷಯ ತೆಗೆಯಿರಿ. ಹೇಳಿದ್ದಕ್ಕೆ ಫೋನ್ ಕಿತ್ತುಕೊಳ್ಳುವುದಿಲ್ಲ ಎಂದು ಅವನಿಂದ ಅವಳೆದುರೇ ಹೇಳಿಸಿ. ಒಮ್ಮೆ ಕಿತ್ತುಕೊಂಡರೆ ಮುಂದಿನ ಸಲ ಅವಳು ಯಾರಿಗೂ ಹೇಳುವುದಿಲ್ಲ. ಇಂಥ ಮನೆಗಳನ್ನು ನಾನು ಕಂಡಿದ್ದೇನೆ.

ಬ್ಲಾಕ್ ಮಾಡುವ ಮುಂಚೆ ಆ ಮೆಸೇಜುಗಳ, ಅವನ್ನು ಕಳಿಸಿದವನ ಪ್ರೊಫೈಲಿನ ಸ್ಕ್ರೀನ್‌ಶಾಟ್ ತೆಗೆದಿಡಿ. ಅಳಿಸಿಬಿಟ್ಟರೆ ಪುರಾವೆ ಹೋಗುತ್ತದೆ. ನಂತರ ಆಟದಲ್ಲೇ ದೂರು ಕೊಟ್ಟು ಬ್ಲಾಕ್ ಮಾಡಿ. ಫೋಟೋ ಈಗಾಗಲೇ ಹೋಗಿದ್ದರೆ, ಅವನು ಹೆದರಿಸುತ್ತಿದ್ದರೆ, ಕಾಯಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳ ದೂರಿಗೆ ಬೇರೆಯೇ ವಿಭಾಗವಿದೆ. ಅವನು ಏನೇ ಬೆದರಿಸಿದರೂ ದುಡ್ಡು ಕೊಡಬೇಡಿ, ಇನ್ನೊಂದು ಫೋಟೋವನ್ನೂ ಕಳಿಸಬೇಡಿ. ಆ ಸ್ಕ್ರೀನ್‌ಶಾಟ್‌ಗಳನ್ನು ಮಾತ್ರ ದಯವಿಟ್ಟು ನೆಂಟರ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ.