ಘ್ರಾಣೇಂದ್ರಿಯವೂ ನೆಗಡಿಯ ಮದ್ದೂ

ಗಂಧವನ್ನು ಗ್ರಹಿಸುವ ಇಂದ್ರಿಯವೇ ಘ್ರಾಣವೆಂಬುದು ತರ್ಕಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಮೂಗಿನೊಳಗೆ, ಮೇಲ್ಗಡೆಯ ತೆಳುಪೊರೆಯಲ್ಲಿ ಅದರ ನರತಂತುಗಳು ನೆಲೆಸಿವೆ. ಆದುದರಿಂದ ನುಂಗುವ ಮದ್ದಿಗೂ ಮೂಗಿಗೇರಿಸುವ ಮದ್ದಿಗೂ ಬಹಳ ಅಂತರವುಂಟು.

1937ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಪೋಲಿಯೊ ತಡೆಯಲೆಂದು ಸುಮಾರು 5,000 ಮಕ್ಕಳ ಮೂಗಿಗೆ ಸತುವಿನ ಸಲ್ಫೇಟ್ ದ್ರಾವಣವನ್ನು ಸಿಂಪಡಿಸಿದರು. ರೋಗವು ತಡೆಯಲ್ಪಡಲಿಲ್ಲ, ಕೆಲವು ಮಕ್ಕಳ ಘ್ರಾಣಶಕ್ತಿ ಮಾತ್ರ ಹೋಯಿತು.

ಹೀಗಿದ್ದೂ, ಸತುವಿನ ಮತ್ತೊಂದು ಲವಣವುಳ್ಳ ‘ಜೈಕ್ಯಾಮ್’ ಎಂಬ ನೆಗಡಿಯ ಮದ್ದನ್ನು ಅಮೆರಿಕದಲ್ಲಿ ಮೂಗಿಗೆ ಹಾಕಿಕೊಳ್ಳಲೆಂದು ವೈದ್ಯರ ಚೀಟಿಯಿಲ್ಲದೆ ಮಾರಲಾಯಿತು. ಹೋಮಿಯೋಪಥಿಯ ಹೆಸರಿನಲ್ಲಿದ್ದುದರಿಂದ ಅದು ಸರ್ಕಾರದ ಪೂರ್ವಾನುಮತಿಯನ್ನೂ ಪಡೆದಿರಲಿಲ್ಲ. ತಾನಾಗಿಯೇ ಇಳಿಯುವ ನೆಗಡಿಗೆ ಎಂತಹ ಬೆಲೆ! ವಾಸನೆಯನ್ನರಿಯದವನಿಗೆ ಊಟದ ಸವಿ ತಪ್ಪುವುದಷ್ಟೇ ಅಲ್ಲ, ಅಡುಗೆಯ ಅನಿಲ ಸೋರಿದರೂ ತಿಳಿಯದು. ಘ್ರಾಣಶಕ್ತಿಯನ್ನು ಕಳೆದುಕೊಂಡೆವೆಂದ ಸುಮಾರು 340 ಮಂದಿಯ ದಾವೆಗಳನ್ನು ತಯಾರಕರಾದ ಮ್ಯಾಟ್ರಿಕ್ಸ್ ಕಂಪನಿಯು 2006ರಲ್ಲಿ 1.2 ಕೋಟಿ ಡಾಲರು ತೆತ್ತು ರಾಜಿಮಾಡಿಕೊಂಡಿತು. ಹೊಣೆಯನ್ನು ಮಾತ್ರ ಒಪ್ಪಲಿಲ್ಲ. 2009ರ ಜೂನ್ 16ರಂದು ಅಲ್ಲಿಯ ಆಹಾರ ಮತ್ತು ಔಷಧ ಆಡಳಿತವು 130ಕ್ಕೂ ಹೆಚ್ಚು ದೂರುಗಳನ್ನು ಉಲ್ಲೇಖಿಸಿ, ಇದನ್ನು ಮೂಗಿಗೆ ಬಳಸಕೂಡದೆಂದು ಎಚ್ಚರಿಸಿತು.

ದೂರುಗಳನ್ನು ತಮ್ಮಿಂದ ಮರೆಮಾಚಿತೆಂದು ಕಂಪನಿಯ ಪಾಲುದಾರರೂ ಮೊಕದ್ದಮೆ ಹೂಡಿದ್ದರು. ದೂರುಗಳು ಸಂಖ್ಯಾಶಾಸ್ತ್ರದ ಅಳತೆಗೆ ಗಣನೀಯವಲ್ಲವೆಂಬುದು ಕಂಪನಿಯ ವಾದ. ಕೇಳಲು ಶಾಸ್ತ್ರೀಯವಾಗಿಯೇ ಇದೆ! ಆದರೆ 2011ರ ಮಾರ್ಚ್ 22ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಒಮ್ಮತದಿಂದ ಅದನ್ನು ತಳ್ಳಿಹಾಕಿತು. ವೈದ್ಯರೂ ಅಧಿಕಾರಿಗಳೂ ಆ ಒಂದೇ ಅಳತೆಗಾಗಿ ಕಾದು ಕುಳಿತಿರುವುದಿಲ್ಲವೆಂದು ಹೇಳಿ, ಮೊಕದ್ದಮೆ ಮುಂದುವರಿಯಲು ಅವಕಾಶವಿತ್ತಿತು.