ಬೆಳಗ್ಗೆ ತಡವರಿಸುವ ಪಂಪು ಎಂಜಿನ್: ಕಾರಣ ಮತ್ತು ಪರಿಹಾರ

ಕರಾವಳಿಯಲ್ಲಿ ಕಾರ್ತಿ ಬೆಳೆಯ ಕೊಯ್ಲು ಮುಗಿದು ಮಳೆ ಹಿಂದೆ ಸರಿದ ಮೇಲೆ ಪಂಪಿಗೆ ಕೆಲಸ ಬರುತ್ತದೆ. ಕುಂದಾಪುರ ತಾಲ್ಲೂಕಿನ ಗುಲ್ವಾಡಿಯಂಥ ಊರುಗಳಲ್ಲಿ ವಿದ್ಯುತ್ ತಂತಿ ತಲುಪದ ಗದ್ದೆ ತೋಟಗಳಿಗೆ ಸಣ್ಣ ಪೆಟ್ರೋಲ್ ಎಂಜಿನ್ ಪಂಪು ಒಳ್ಳೆಯ ಆಸರೆ. ಜೂನ್‌ನಲ್ಲಿ ಮೂಲೆ ಸೇರಿದ ಎಂಜಿನ್ನನ್ನು ನವೆಂಬರ್-ಡಿಸೆಂಬರ್‌ನಲ್ಲಿ ಹೊರತೆಗೆದಾಗ ಹಗ್ಗ ಎಳೆದರೆ ಹೊತ್ತಿಕೊಳ್ಳುತ್ತದೆ. ಆದರೆ ಬಿಸಿಯೇರುವವರೆಗೆ ಏರಿಳಿಯುತ್ತ, ಕೆಮ್ಮುತ್ತ, ಕೊನೆಗೆ ನಿಂತೇಬಿಡುತ್ತದೆ.

ಆಗ ಹಲವರು ಚಳಿಯನ್ನು ದೂರಿ, ನಿಧಾನಗತಿಯ ತಿರುಪನ್ನು ಬಿಗಿ ಮಾಡಿ ವೇಗ ಹೆಚ್ಚಿಸುವುದುಂಟು. ಕರಾವಳಿಯ ಚಳಿ ಅಷ್ಟು ದೊಡ್ಡದಲ್ಲ. ಬಹುತೇಕ ದೋಷವು ಮಳೆಗಾಲದಲ್ಲಿ ಸೇರಿದ ತೇವ, ಹಳಸಿದ ಪೆಟ್ರೋಲ್ ಮತ್ತು ಕಟ್ಟಿಕೊಂಡ ಜೆಟ್‌ನಲ್ಲಿರುತ್ತದೆ. ತಿರುಪು ತಿರುಗಿಸುವುದರಿಂದ ರೋಗ ಮುಚ್ಚಿಹೋಗುತ್ತದೆಯೇ ಹೊರತು ವಾಸಿಯಾಗದು.

ತಣ್ಣಗಿರುವಾಗ ಏನಾಗುತ್ತದೆ?

ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದಲ್ಲಿ ಅದರ ಸುಮಾರು 15 ಪಾಲು ಗಾಳಿ ಬೇಕು. ಎಂಜಿನ್ ತಣ್ಣಗಿರುವಾಗ ಪೆಟ್ರೋಲ್ ಸರಿಯಾಗಿ ಆವಿಯಾಗದೆ ಕೊಳವೆಯ ಗೋಡೆಗೆ ಹನಿಯಾಗಿ ಅಂಟುತ್ತದೆ. ಸಿಲಿಂಡರಿಗೆ ತಲುಪುವ ಮಿಶ್ರಣ ತೆಳುವಾಗುತ್ತದೆ. ಈ ಕೊರತೆಯನ್ನು ತುಂಬಲೆಂದೇ ಚೋಕ್ ಇದೆ. ಅದು ಗಾಳಿಯ ದಾರಿಯನ್ನು ಮುಚ್ಚಿ ಪೆಟ್ರೋಲಿನ ಪ್ರಮಾಣವನ್ನು ಹೆಚ್ಚಿಸುತ್ತದೆ. ಎಂಜಿನ್ ಬಿಸಿಯಾದಂತೆ ಚೋಕನ್ನು ಹಂತಹಂತವಾಗಿ ತೆರೆಯಬೇಕು. ಕರಾವಳಿಯ ಹವೆಯಲ್ಲಿ ಒಂದೆರಡು ನಿಮಿಷದೊಳಗೆ ಪೂರ್ತಿ ತೆರೆಯಲು ಸಾಧ್ಯವಾಗಬೇಕು. ಹಾಗಾಗದಿದ್ದರೆ ದೋಷವಿದೆ ಎಂದು ತಿಳಿಯಬೇಕು.

ಚೋಕ್‌ನಿಂದಲೇ ಪರೀಕ್ಷೆ

ದೋಷ ಕಂಡುಹಿಡಿಯಲು ಚೋಕ್ ಒಂದೇ ಸಾಕಷ್ಟು ಸುಳಿವು ಕೊಡುತ್ತದೆ.

1. ಚೋಕ್ ಅರ್ಧ ಮುಚ್ಚಿದಾಗ ಸರಿಯಾಗಿ ಓಡಿ, ತೆರೆದೊಡನೆ ನಿಲ್ಲುವುದಾದರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೆ ಎಲ್ಲಿಯೋ ಗಾಳಿ ನುಸುಳುತ್ತಿದೆ. ಜೆಟ್, ಇಂಧನದ ಜಾಲರಿ, ಕಾರ್ಬುರೇಟರ್ ಜೋಡಣೆಯ ಗ್ಯಾಸ್ಕೆಟ್ ನೋಡಬೇಕು.

2. ಚೋಕ್ ತೆರೆದಷ್ಟೂ ಸುಧಾರಿಸಿದರೂ ಕಪ್ಪು ಹೊಗೆ ನಿಲ್ಲದಿದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಗಾಳಿಯ ಶೋಧಕ ಕಟ್ಟಿರಬಹುದು, ಫ್ಲೋಟ್ ಕವಾಟ ಸೋರುತ್ತಿರಬಹುದು, ಚೋಕ್ ಪೂರ್ತಿ ತೆರೆಯದೆ ಸಿಕ್ಕಿಕೊಂಡಿರಬಹುದು.

3. ಚೋಕ್ ಹೇಗಿಟ್ಟರೂ ಬಿಟ್ಟುಬಿಟ್ಟು ಸಿಡಿಯುತ್ತಿದ್ದರೆ ಮೊದಲು ಸ್ಪಾರ್ಕ್ ಪ್ಲಗ್ ಮತ್ತು ಅದರ ತಂತಿಯನ್ನು ಪರೀಕ್ಷಿಸಬೇಕು.

ದುರಸ್ತಿಯ ಕ್ರಮ

ಸುಲಭವಾದದ್ದರಿಂದ ಕಷ್ಟದ ಕಡೆಗೆ ಹೋಗುವುದು ಲೇಸು. ಎಂಜಿನ್ ನಿಲ್ಲಿಸಿ ತಣಿದ ಮೇಲೆ, ಬೀಡಿ ಬೆಂಕಿಗಳಿಂದ ದೂರ, ಬಯಲಿನಲ್ಲಿ ಕೆಲಸ ಮಾಡಬೇಕು.

ಮೊದಲನೆಯದಾಗಿ ಹಳೆಯ ಪೆಟ್ರೋಲನ್ನು ಗಾಜಿನ ಬಾಟಲಿಗೆ ಬಸಿದು ನೋಡಬೇಕು. ತಳದಲ್ಲಿ ಬೇರೆ ಪದರ ನಿಂತರೆ ನೀರು ಸೇರಿದೆ ಎಂದರ್ಥ. ಈಗಿನ ಪೆಟ್ರೋಲಿನಲ್ಲಿ ಇದು ಹೆಚ್ಚು ಮುಖ್ಯ. ದೇಶದಲ್ಲಿ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು 2025ರಲ್ಲಿ ಮುಟ್ಟಲಾಯಿತು. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ತೇವ ಮಿತಿ ಮೀರಿದಾಗ ನೀರೂ ಎಥೆನಾಲೂ ಒಟ್ಟಾಗಿ ತಳಕ್ಕಿಳಿಯುತ್ತವೆ. ಎಂಜಿನ್ನಿಗೆ ಮೊದಲು ಹೋಗುವುದೇ ಆ ತಳದ ನೀರು. ಇಂಥ ಪೆಟ್ರೋಲನ್ನು ಮತ್ತೆ ಬಳಸಬಾರದು. ಅದನ್ನು ಬಾವಿ, ತೋಡುಗಳ ಬಳಿ ಚೆಲ್ಲಲೂಬಾರದು. ರಬ್ಬರ್ ಕೊಳವೆ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಬದಲಿಸಬೇಕು.

ಎರಡನೆಯದು ಪ್ಲಗ್. ಮಸಿಯನ್ನು ಹಿತ್ತಾಳೆಯ ಕುಂಚದಿಂದ ತೆಗೆದು ಒಣಗಿಸಬೇಕು. ತುದಿಗಳ ಅಂತರ ಸಾಮಾನ್ಯವಾಗಿ 0.6ರಿಂದ 0.8 ಮಿಲಿಮೀಟರ್. ನಿಖರವಾದ ಅಳತೆಯನ್ನು ಎಂಜಿನ್ನಿನ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ಮೂರನೆಯದು ಗಾಳಿಯ ಶೋಧಕ. ಸ್ಪಂಜಿನದಾದರೆ ಸಾಬೂನು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಎಂಜಿನ್ ಎಣ್ಣೆ ಸವರಿ ಹಿಂಡಿ ಹಾಕಬೇಕು. ಕಾಗದದ್ದನ್ನು ತೊಳೆಯಬಾರದು.

ನಾಲ್ಕನೆಯದು ಕಾರ್ಬುರೇಟರ್. ಅದರ ಬಟ್ಟಲನ್ನು ಬಿಚ್ಚಿ ಅಂಟನ್ನು ತೆಗೆದು, ಜೆಟ್‌ಗಳಿಗೆ ಗಾಳಿ ಊದಬೇಕು. ನಿಧಾನಗತಿಯ ಜೆಟ್‌ನ ರಂಧ್ರ ಬಹಳ ಸಣ್ಣದು. ತಂತಿ ಅಥವಾ ಸೂಜಿ ತೂರಿಸಿದರೆ ರಂಧ್ರ ದೊಡ್ಡದಾಗಿ ಜೆಟ್ ಕೆಟ್ಟುಹೋಗುತ್ತದೆ.

ಇಷ್ಟೆಲ್ಲ ಆಗಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮಾತ್ರ ನಿಧಾನಗತಿಯ ತಿರುಪಿಗೆ ಕೈ ಹಾಕಬೇಕು.

ಸೀಮೆಎಣ್ಣೆಯ ಎಂಜಿನ್

ಪೆಟ್ರೋಲಿನಿಂದ ಹೊತ್ತಿಸಿ ಸೀಮೆಎಣ್ಣೆಯಿಂದ ಓಡಿಸುವ ಹಳೆಯ ಎಂಜಿನ್ ಇದ್ದವರು ಅದು ಬಿಸಿಯಾಗುವ ಮೊದಲೇ ಸೀಮೆಎಣ್ಣೆಗೆ ತಿರುಗಿಸಬಾರದು. ತಣ್ಣಗಿರುವಾಗ ಸೀಮೆಎಣ್ಣೆ ಆವಿಯಾಗುವುದಿಲ್ಲ. ಬಿಳಿ ಹೊಗೆ ಬರುತ್ತದೆ, ಉರಿಯದ ಎಣ್ಣೆ ಕೆಳಗಿಳಿದು ಎಂಜಿನ್ ಎಣ್ಣೆಯನ್ನು ತೆಳುಮಾಡುತ್ತದೆ. ಅಳತೆಕೋಲಿನಲ್ಲಿ ಎಣ್ಣೆಯ ಮಟ್ಟ ತಾನಾಗಿ ಏರಿದ್ದರೆ ಎಣ್ಣೆ ಬದಲಿಸಬೇಕು. ನಿಲ್ಲಿಸುವ ಮುನ್ನ ಕೆಲ ನಿಮಿಷ ಪೆಟ್ರೋಲಿನಲ್ಲಿ ಓಡಿಸಿದರೆ ಮರುದಿನ ಬೆಳಗ್ಗೆ ಸುಲಭವಾಗಿ ಹೊತ್ತುತ್ತದೆ.

ಎಚ್ಚರಿಕೆಗಳು

* ಚೋಕ್ ಹಾಕಿಕೊಂಡೇ ಬಹಳ ಹೊತ್ತು ಓಡಿಸಿದರೆ ಹೆಚ್ಚಿನ ಪೆಟ್ರೋಲ್ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು, ಪಿಸ್ಟನ್ ಬಳೆಗಳು ಬೇಗ ಸವೆಯುತ್ತವೆ.

* ಹುಲ್ಲು ಕತ್ತರಿಸುವ ಯಂತ್ರದಲ್ಲಿ ನಿಧಾನಗತಿಯನ್ನು ಏರಿಸಿದರೆ ಕೈ ಬಿಟ್ಟರೂ ಅಲಗು ತಿರುಗುತ್ತಲೇ ಇರುತ್ತದೆ. ಕಾಲಿಗೆ ಅಪಾಯ.

* ಬಾವಿಯೊಳಗೆ ಇಳಿಸಿದ, ಇಲ್ಲವೆ ಮುಚ್ಚಿದ ಪಂಪುಮನೆಯಲ್ಲಿಟ್ಟ ಎಂಜಿನ್ನನ್ನು ಎಂದಿಗೂ ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚೋಕ್ ಹಾಕಿದಾಗ ಅದು ಇನ್ನೂ ಹೆಚ್ಚು. ಒಳಗೆ ಕುಸಿದವರನ್ನು ಎತ್ತಲು ಹಾಗೆಯೇ ಇಳಿದವರೂ ಪ್ರಾಣ ಕಳೆದುಕೊಳ್ಳುವ ಸಂಭವವಿದೆ. ಎಂಜಿನ್ ಮೇಲೆ ಬಯಲಿನಲ್ಲಿರಲಿ, ನೀರೆಳೆಯುವ ಕೊಳವೆ ಮಾತ್ರ ಬಾವಿಗಿಳಿಯಲಿ. ನೀರು ಆಳದಲ್ಲಿದ್ದು ಕೊಳವೆ ಸಾಲದಿದ್ದರೆ ಬೇರೆ ಬಗೆಯ ಪಂಪನ್ನು ಆರಿಸಬೇಕು.

ಮುಂದಿನ ಮಳೆಗಾಲಕ್ಕೆ ಮುನ್ನ

ಮೇ ಕೊನೆಯಲ್ಲಿ ಟ್ಯಾಂಕು ಬರಿದು ಮಾಡಿ, ಇಂಧನದ ನಲ್ಲಿ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ಕಾರ್ಬುರೇಟರಿನಲ್ಲಿ ಉಳಿದದ್ದನ್ನೂ ಬಸಿಯಬೇಕು. ಪ್ಲಗ್ ತೆಗೆದು ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು, ಹಗ್ಗವನ್ನು ನಿಧಾನವಾಗಿ ಎರಡು ಮೂರು ಸಲ ಎಳೆದು, ಪ್ಲಗ್ ಹಾಕಿಡಬೇಕು. ನೆಲದ ತೇವ ತಾಗದಂತೆ ಹಲಗೆಯ ಮೇಲೆ ಇರಿಸಬೇಕು. ಈ ಕೆಲಸಕ್ಕೆ ಹಿಡಿಯುವುದು ಅರ್ಧ ಗಂಟೆ. ನೀರು ಬೇಕಾದ ದಿನ ಪೈರು ಬಾಡುವುದನ್ನು ಅದು ತಪ್ಪಿಸುತ್ತದೆ.